ಮೈದಾನವೂ ಮತಪೆಟ್ಟಿಗೆಯೂ

ದೇಶಗಳ ಚರಿತ್ರೆಯನ್ನು ಓದುವವರು ಸಾಮಾನ್ಯವಾಗಿ ಯುದ್ಧಗಳನ್ನೂ ಪಟ್ಟಾಭಿಷೇಕಗಳನ್ನೂ ಹುಡುಕಿಕೊಂಡು ಹೋಗುವರು. ನಮಗಾದರೋ ಯಾವುದಾದರೊಂದು ಸಣ್ಣ ದೇಶದ ಒಂದೇ ವರ್ಷವನ್ನು ಹಿಡಿದು, ಆ ವರ್ಷ ಅಲ್ಲಿಯ ಜನರು ಯಾವ ಆಟಕ್ಕೆ ನೆರೆದರು, ಯಾವ ವಿಷಯಕ್ಕೆ ವಾದಿಸಿದರು ಎಂಬುದನ್ನು ನಿಧಾನವಾಗಿ ತಿಳಿಯುವುದರಲ್ಲಿ ಹೆಚ್ಚು ಸಂತೋಷ. ಈಚೆಗೆ ನಾವು ಹೀಗೆ ಹಿಡಿದುದು ನ್ಯೂಜಿಲೆಂಡ್ ದ್ವೀಪಗಳ ೧೮೯೩ನೆಯ ವರ್ಷವನ್ನು. ಅದು ವಿಕ್ಟೋರಿಯಾ ರಾಣಿಯ ಆಳ್ವಿಕೆಯ ಕಡೆಯ ಕಾಲ. ಆ ದ್ವೀಪಗಳು ಆಗ ಇಂಗ್ಲೆಂಡಿನ ವಸಾಹತು. ನಮ್ಮ ಪಂಚಾಂಗದಂತೆ ಅದು ವಿಜಯ ಸಂವತ್ಸರ. ವಿಜಯವು ಯಾರದು, ಎಷ್ಟರ ಮಟ್ಟಿನದು ಎಂಬುದನ್ನು ವಾಚಕರೊಡನೆ ವಿಚಾರಮಾಡುವುದೇ ನಮ್ಮ ಉದ್ದೇಶ.

ಆ ವರ್ಷ ಏಪ್ರಿಲ್ ೨೭ರಂದು ಎರಡು ಸಂಗತಿಗಳು ನಡೆದುವು. ಪ್ರಧಾನಮಂತ್ರಿಯಾಗಿದ್ದ ಜಾನ್ ಬ್ಯಾಲೆನ್ಸ್ ಅವರು ತೀರಿಕೊಂಡರು. ಅದೇ ದಿನ ಹಿಂದಿನ ವರ್ಷವಷ್ಟೇ ಹುಟ್ಟಿದ್ದ ರಗ್ಬಿ ಸಂಘದ ಮೊದಲನೆಯ ವಾರ್ಷಿಕ ಸಭೆ ಸೇರಿತು. ರಗ್ಬಿಯೆಂದರೆ ಮೊಟ್ಟೆಯಾಕಾರದ ಚೆಂಡನ್ನು ಕೈಯಲ್ಲಿ ಹಿಡಿದೇ ಓಡಬಹುದಾದ, ಮೈಗೆ ಮೈ ತಾಗುವ ಆಟ. ದೇಶದ ತಂಡದವರು ಕಪ್ಪು ಅಂಗಿಯನ್ನು ತೊಟ್ಟು, ಎದೆಯ ಮೇಲೆ ಬೆಳ್ಳಿಬಣ್ಣದ ಜರೀಗಿಡದ ಎಲೆಯನ್ನು ಧರಿಸಬೇಕೆಂದು ಆ ಸಭೆಯಲ್ಲಿ ಸೂಚಿಸಿದವರು ಥಾಮಸ್ ಎಲಿಸನ್. ಇವರು ಆ ದ್ವೀಪಗಳ ಮೂಲನಿವಾಸಿಗಳಾದ ಮಾವೊರಿ ವಂಶದವರು, ವಕೀಲರು, ೧೮೮೮-೮೯ರಲ್ಲಿ ೧೦೭ ಪಂದ್ಯಗಳನ್ನಾಡಿದ ಮಾವೊರಿ ಪ್ರಧಾನವಾದ ತಂಡದೊಡನೆ ಇಂಗ್ಲೆಂಡಿನವರೆಗೂ ಹೋಗಿಬಂದವರು. ಆ ವರ್ಷ ಆಸ್ಟ್ರೇಲಿಯಕ್ಕೆ ಹೋದ ತಂಡಕ್ಕೆ ಇವರೇ ನಾಯಕರು. ಇಂದು ಜಗತ್ತೆಲ್ಲವೂ ಗುರುತಿಸುವ ಕಪ್ಪು ಅಂಗಿಯ ಕಥೆ ಹೀಗೆ ಒಬ್ಬ ಮಾವೊರಿಯ ಮಾತಿನಿಂದ ಗಟ್ಟಿಯಾಯಿತು.

ಇಂತಹ ಪಂದ್ಯಗಳಿಗೆ ಸ್ತ್ರೀಯರೂ ಬರುತ್ತಿದ್ದರು. ಆದರೆ ನೋಡುವುದಕ್ಕೆ ಮಾತ್ರ. ೧೮೯೧ರಲ್ಲಿ ಆಕ್ಲೆಂಡಿನ ಒಬ್ಬ ಮಹಿಳೆಯು ಹುಡುಗಿಯರ ರಗ್ಬಿ ತಂಡವೊಂದನ್ನು ಕಟ್ಟಲು ಹೊರಟಾಗ ಜನರು ಎಷ್ಟು ಗದ್ದಲವೆಬ್ಬಿಸಿದರೆಂದರೆ, ಆ ಪ್ರಯತ್ನವನ್ನೇ ಕೈಬಿಡಬೇಕಾಯಿತು. ಮರುವರ್ಷ ಕ್ರೈಸ್ಟ್‌ಚರ್ಚ್ ನಗರದಲ್ಲಿ ಸ್ತ್ರೀಯರದೇ ಆದ ಸೈಕಲ್ ಸಂಘ ಹುಟ್ಟಿತು. ಆ ಊರಿನಲ್ಲಿ ಮೊದಮೊದಲು ಸೈಕಲ್ ಹತ್ತಿದ ಹೆಂಗಸರಲ್ಲಿ ಕೇಟ್ ಶೆಪರ್ಡ್ ಅವರೂ ಒಬ್ಬರು. ಇವರ ಹೆಸರನ್ನು ವಾಚಕರು ನೆನಪಿನಲ್ಲಿಟ್ಟುಕೊಳ್ಳಬೇಕು.

ಶೆಪರ್ಡ್ ಅವರು ಮದ್ಯಪಾನ ವಿರೋಧಿಗಳಾದ ಕ್ರೈಸ್ತ ಮಹಿಳೆಯರ ಸಂಘದಲ್ಲಿ ದುಡಿಯುತ್ತಿದ್ದವರು. ಗಂಡನು ಕುಡಿದು ಕಳೆದ ಕೂಲಿಯ ಕಷ್ಟವನ್ನು ಹೆಂಡತಿ ಮಕ್ಕಳು ಉಣ್ಣುವರು. ಆದರೆ ಮದ್ಯದ ಕಾನೂನನ್ನು ಮಾಡುವವರನ್ನು ಆರಿಸುವುದರಲ್ಲಿ ಆ ಹೆಂಡತಿಗೆ ಮಾತಿಲ್ಲ. ಈ ಅನ್ಯಾಯವನ್ನು ಕಂಡ ಅವರು ಮತದ ಹಕ್ಕಿಗಾಗಿ ರುಜುಗಳನ್ನು ಕೂಡಿಸತೊಡಗಿದರು. ೧೮೯೧ರಲ್ಲಿ ೯,೦೦೦ಕ್ಕೂ ಹೆಚ್ಚು, ಮರುವರ್ಷ ಸುಮಾರು ೨೦,೦೦೦, ೧೮೯೩ರಲ್ಲಿ ಸುಮಾರು ೩೨,೦೦೦ ರುಜುಗಳಾದುವು. ಅಲ್ಲಿ ನೆಲಸಿದ್ದ ಯೂರೋಪಿಯನ್ ವಯಸ್ಕ ಸ್ತ್ರೀಯರಲ್ಲಿ ಹೆಚ್ಚುಕಡಮೆ ನಾಲ್ಕರಲ್ಲೊಬ್ಬರು ರುಜು ಹಾಕಿದ್ದರು. ದೊಡ್ಡ ಮನವಿಯ ಹಾಳೆಗಳನ್ನು ಒಂದರ ತುದಿಗೊಂದು ಅಂಟಿಸಿದಾಗ ಅದು ೨೭೦ ಮೀಟರು ಉದ್ದವಾಯಿತು. ಅದನ್ನು ಸುತ್ತಿದ್ದು ಯಾವುದಕ್ಕೆ ಬಲ್ಲಿರಾ? ಪೊರಕೆಯ ಕೋಲಿಗೆ! ನಮ್ಮಲ್ಲಿ ಪೊರಕೆಯನ್ನು ಕಾಲಿನಿಂದ ತುಳಿಯಬಾರದು, ಅದರಲ್ಲಿ ಲಕ್ಷ್ಮಿಯಿರುವಳು ಎಂದು ಹಿರಿಯರು ಹೇಳುವುದುಂಟು. ಸರ್ ಜಾನ್ ಹಾಲ್ ಎಂಬ ಸದಸ್ಯರು ಪಾರ್ಲಿಮೆಂಟಿನ ನಡುವೆ ಆ ಸುರುಳಿಯನ್ನು ಉರುಳಿಸಿ ಬಿಟ್ಟಾಗ ಅದು ಬಿಚ್ಚಿಕೊಳ್ಳುತ್ತ ಹೋಗಿ ಎದುರು ಗೋಡೆಗೆ ಬಡಿಯಿತಂತೆ.

ಎದುರುಪಕ್ಷದವರೂ ಸುಮ್ಮನಿರಲಿಲ್ಲ. ಬ್ಯಾಲೆನ್ಸರ ತರುವಾಯ ಪ್ರಧಾನಮಂತ್ರಿಯಾದ ರಿಚರ್ಡ್ ಸೆಡನ್ನರು ಹಿಂದೆ ತಾವೇ ಮದ್ಯದಂಗಡಿಯಿಟ್ಟಿದ್ದವರು. ಮೇಲ್ಮನೆಯಲ್ಲಿ ಮಸೂದೆ ಸೋಲಲೆಂದು ಅವರು ತಮ್ಮ ಪಕ್ಷದ ಸದಸ್ಯರೊಬ್ಬರಿಗೆ ತಂತಿ ಕೊಟ್ಟು ಮನಸ್ಸನ್ನು ತಿರುಗಿಸಿದರು. ಈ ಒಳಸಂಚಿನಿಂದ ಸಿಟ್ಟಾದ ವಿರೋಧಿಗಳಿಬ್ಬರು ಮಸೂದೆಯ ಪರವಾಗಿಯೇ ಮತವಿತ್ತರು! ಸೆಪ್ಟೆಂಬರ್ ೮ರಂದು ೨೦ಕ್ಕೆ ೧೮ ಮತಗಳಿಂದ ಮಸೂದೆ ಗೆದ್ದಿತು. ೧೯ರಂದು ಗವರ್ನರು ರುಜು ಹಾಕಿದರು. ತನ್ನದೇ ಸರ್ಕಾರವುಳ್ಳ ದೇಶಗಳಲ್ಲಿ ಪಾರ್ಲಿಮೆಂಟಿನ ಚುನಾವಣೆಗೆ ಎಲ್ಲ ವಯಸ್ಕ ಸ್ತ್ರೀಯರಿಗೂ ಮತವನ್ನು ಕೊಟ್ಟುದು ಇದೇ ಮೊದಲು. ಇಂಗ್ಲೆಂಡಿನ ಸ್ತ್ರೀಯರು ಪುರುಷರಿಗೆ ಸಮನಾದ ಮತಕ್ಕಾಗಿ ೧೯೨೮ರವರೆಗೂ ಕಾಯಬೇಕಾಯಿತು. ಆಟವನ್ನೂ ಕಾನೂನನ್ನೂ ತಾಯ್ನಾಡಿನಿಂದ ಎರವಲು ತಂದ ವಸಾಹತು ಈ ಒಂದು ವಿಷಯದಲ್ಲಿ ತಾಯ್ನಾಡಿಗೇ ಪಾಠ ಹೇಳಿತು.

ಹೆಂಗಸರು ಮತ ಕೊಟ್ಟರೆ ಸಂಸಾರದಲ್ಲಿ ಕಲಹ ಹುಟ್ಟುವುದು, ಇಲ್ಲವೆ ಗಂಡನು ಹೇಳಿದವರಿಗೇ ಹೆಂಡತಿಯೂ ಕೊಡುವಳು ಎಂಬುದು ಆಗಿನವರ ಆಕ್ಷೇಪ. ಇದನ್ನು ಓದಿದಾಗ ನಮಗೆ ನಮ್ಮ ಅಜ್ಜಿಯವರ ನೆನಪಾಗಿ ನಗು ಬಂದಿತು. ಮತದಾನದ ದಿನ ಅವರು ಬೆಳಗ್ಗೆಯೇ ಸ್ನಾನಮಾಡಿ, ದೇವರಿಗೆ ದೀಪ ಹಚ್ಚಿ, ತಾತನವರೊಡನೆಯೇ ಹೊರಡುವರು. ಹಿಂದಿರುಗಿದ ಮೇಲೆ “ಯಾರಿಗೆ ಹಾಕಿದೆ?” ಎಂದು ತಾತನವರು ಕೇಳಿದರೆ, “ಹಾಕಬೇಕಾದವರಿಗೆ ಹಾಕಿದೆ, ಊಟಕ್ಕೇಳಿ” ಎನ್ನುವರು. ಕೊನೆಯವರೆಗೂ ಆ ಗುಟ್ಟು ಬಯಲಾಗಲಿಲ್ಲ, ಸಂಸಾರವೂ ಕೆಡಲಿಲ್ಲ.

ನ್ಯೂಜಿಲೆಂಡಿನಲ್ಲಿಯೂ ಹಾಗೆಯೇ ಆಯಿತು. ಚುನಾವಣೆಗೆ ಕೆಲವೇ ವಾರಗಳಿದ್ದರೂ ೧,೦೯,೦೦೦ಕ್ಕೂ ಹೆಚ್ಚು ಸ್ತ್ರೀಯರು ಹೆಸರನ್ನು ದಾಖಲು ಮಾಡಿಸಿದರು. ನವೆಂಬರ್ ೨೮ರಂದು ೯೦,೦೦೦ಕ್ಕೂ ಹೆಚ್ಚು ಮಂದಿ ಬಂದು ಮತ ಕೊಟ್ಟರು. ದಿನವು ಶಾಂತವಾಗಿ ಕಳೆಯಿತು. ಮರುದಿನವೇ ಒನೆಹಂಗಾ ಎಂಬ ಪುರದಲ್ಲಿ ಎಲಿಜಬೆತ್ ಯೇಟ್ಸ್ ಎಂಬಾಕೆ ಪುರಸಭೆಯ ಅಧ್ಯಕ್ಷೆಯಾಗಿ ಆರಿಸಿಬಂದರು. ಬ್ರಿಟಿಷ್ ಸಾಮ್ರಾಜ್ಯದಲ್ಲಿ ಆ ಸ್ಥಾನಕ್ಕೆ ಬಂದ ಮೊದಲ ಮಹಿಳೆ ಇವರೇ. ಆದರೆ ಇದನ್ನು ಸಹಿಸದೆ ನಾಲ್ವರು ಸದಸ್ಯರೂ ಪುರಸಭೆಯ ಗುಮಾಸ್ತರೂ ರಾಜೀನಾಮೆಯಿತ್ತರು. ಯೇಟ್ಸ್ ಅವರು ಪುರದ ಸಾಲವನ್ನು ತೀರಿಸಿ, ರಸ್ತೆಗಳನ್ನು ಸರಿಪಡಿಸಿ, ಮುಂದಿನ ವರ್ಷ ಸೋತು ಮನೆಗೆ ಹೋದರು.

ಆದುದರಿಂದ ವಿಜಯವು ಪೂರ್ಣವಾಗಿತ್ತೆಂದು ನಾವು ಹೇಳಲಾರೆವು. ಮತ ಕೊಡಬಹುದಾದ ಸ್ತ್ರೀಯು ಪಾರ್ಲಿಮೆಂಟಿಗೆ ನಿಲ್ಲುವ ಹಕ್ಕನ್ನು ಪಡೆದುದು ೧೯೧೯ರಲ್ಲಿ. ಮೊದಲ ಸದಸ್ಯೆ ಒಳಗೆ ಕಾಲಿಟ್ಟುದು ೧೯೩೩ರಲ್ಲಿ. ಮಾವೊರಿ ಜನರಿಗೆ ೧೮೬೭ರಿಂದ ಮೀಸಲಾಗಿದ್ದುದು ನಾಲ್ಕೇ ಸ್ಥಾನ. ಆ ಸ್ಥಾನಗಳ ಚುನಾವಣೆ ಬೇರೆಯಾಗಿ ಡಿಸೆಂಬರಿನಲ್ಲಿ ನಡೆಯಿತು. ಅದರಲ್ಲಿ ಮಾವೊರಿ ಸ್ತ್ರೀಯರೂ ಮತವಿತ್ತರು. ಮೈದಾನದಲ್ಲಿ ಎಲ್ಲರಿಗೂ ನಾಯಕರಾಗಿದ್ದ ಎಲಿಸನ್ ಅವರು ಅಂತಹ ಒಂದು ಸ್ಥಾನಕ್ಕೆ ನಿಂತರೂ ಗೆಲ್ಲಲಿಲ್ಲ, ೧೯೦೪ರಲ್ಲಿ ತೀರಿಕೊಂಡರು. ಮಾವೊರಿಗಳು ತಾವೇ ಕಟ್ಟಿಕೊಂಡಿದ್ದ ಸಭೆಯಲ್ಲಿ ಅದೇ ೧೮೯೩ರಲ್ಲಿ ಮೇರಿ ಮಂಗಾಕಾಹಿಯಾ ಎಂಬ ಮಹಿಳೆ ಎದ್ದುನಿಂತು, ಭೂಮಿಯ ಒಡೆತನವುಳ್ಳ ನಮ್ಮ ಹೆಂಗಸರಿಗೆ ಮತವಷ್ಟೇ ಅಲ್ಲ, ಸಭೆಯಲ್ಲಿ ಸ್ಥಾನವೂ ಬೇಕೆಂದು ಕೇಳಿದರು. ಶೆಪರ್ಡ್ ಅವರ ಮನವಿ ಕೇಳಿದುದಕ್ಕಿಂತ ಇದು ಒಂದು ಹೆಜ್ಜೆ ಮುಂದೆ.

ಆ ಮನವಿಯ ಸುರುಳಿ ಇಂದಿಗೂ ವೆಲಿಂಗ್ಟನ್ನಿನಲ್ಲಿ ಭದ್ರವಾಗಿದೆ. ಅಲ್ಲಿಯವರು ತಮ್ಮ ಮುತ್ತಜ್ಜಿಯ ಹೆಸರು ಅದರಲ್ಲಿದೆಯೇ ಎಂದು ಹುಡುಕಿ ನೋಡಬಹುದು. ಹೆಸರೂ ಬೀದಿಯೂ ಆಕೆಯ ಕೈಬರಹದಲ್ಲಿಯೇ ಸಿಕ್ಕುವುವು. ನಮ್ಮ ದೇಶದಲ್ಲಿ ೧೯೫೧-೫೨ರ ಮೊದಲ ಮಹಾ ಚುನಾವಣೆಗೆ ಪಟ್ಟಿಮಾಡುವಾಗ ಸುಮಾರು ೨೮ ಲಕ್ಷ ಸ್ತ್ರೀಯರು ಇಂತಹವರ ಹೆಂಡತಿ, ಇಂತಹವರ ಮಗಳು ಎಂದಷ್ಟೇ ಹೇಳಿ ಸ್ವಂತ ಹೆಸರನ್ನು ಕೊಡಲಿಲ್ಲ. ಆ ಕಾರಣದಿಂದ ಅವರನ್ನು ಪಟ್ಟಿಯಿಂದ ಬಿಡಬೇಕಾಯಿತು. ಕಾನೂನು ಹಕ್ಕನ್ನು ಕೊಟ್ಟಿತ್ತು. ಅದನ್ನು ಪಡೆಯಲು ಹೆಸರಿರಲಿಲ್ಲ. ಪ್ರೇಕ್ಷಕರ ಸಾಲಿನಿಂದ ಎದ್ದು ಮೈದಾನಕ್ಕಿಳಿಯುವವರು ಮೊದಲು ತಮ್ಮ ಹೆಸರನ್ನು ತಾವೇ ಹೇಳಬೇಕು. ಇದನ್ನು ಓದುವ ಸೋದರ ಸೋದರಿಯರು ಇಂದು ಸಂಜೆ ಮನೆಯ ಹಿರಿಯರನ್ನು ಕೂರಿಸಿಕೊಂಡು ತಮ್ಮ ಮುತ್ತಜ್ಜಿಯರ ಹೆಸರುಗಳನ್ನು ಕೇಳಿ, ಒಂದು ಕಾಗದದಲ್ಲಿ ಬರೆದಿಟ್ಟುಕೊಂಡರೆ ನಮ್ಮ ಈ ಲೇಖನ ಸಾರ್ಥಕವಾಯಿತೆಂದು ತಿಳಿಯುವೆವು.