ಕತ್ತರಿ ತಾಗದ ನಾಲ್ಕು ಚೀಟಿ

ಕಾಸಿಗೆ ಬಾರದ ಕಾಗದದ ಚೂರಿಗಾಗಿ ಮನೆಮಠ ಮರೆಯುವವರುಂಟೆ ಎಂದು ಕೇಳುವವರು ಅಂಚೆಚೀಟಿ ಸಂಗ್ರಾಹಕನನ್ನು ಕಂಡವರಲ್ಲ. ಒಂದು ಕೈಯಲ್ಲಿ ಚಿಮುಟ, ಇನ್ನೊಂದರಲ್ಲಿ ಭೂತಗನ್ನಡಿ. ಊಟಕ್ಕೆ ಕರೆದ ಹೆಂಡತಿಯ ದನಿ ಮೂರನೆಯ ಸಲಕ್ಕಾದರೂ ಅವನ ಕಿವಿ ಮುಟ್ಟಿದರೆ ಅದು ಆಕೆಯ ಪುಣ್ಯ. ಅದರಲ್ಲಿಯೂ ಚೀನಾದ ಮೊದಮೊದಲ ಚೀಟಿಗಳ ಬೆನ್ನುಹತ್ತಿದವನ ಪಾಡು ಹೇಳತೀರದು.

1878ರಲ್ಲಿ ಆ ದೇಶದ ಸುಂಕದ ಇಲಾಖೆಯು ತನ್ನ ಅಂಚೆಯನ್ನು ಸಾರ್ವಜನಿಕರಿಗೆ ತೆರೆದಾಗ ಷಾಂಘೈಯಲ್ಲಿ ಮೂರು ಚೀಟಿಗಳು ಅಚ್ಚಾದುವು: ಒಂದು ಕ್ಯಾಂಡರೀನಿನದು ಹಸುರು, ಮೂರರದು ಕೆಂಪು, ಐದರದು ಹಳದಿ. ಕ್ಯಾಂಡರೀನೆಂದರೆ ಬೆಳ್ಳಿಯ ತೂಕದ ಒಂದು ಲೆಕ್ಕ. ಮೋಡಗಳ ನಡುವೆ ಹೊರಳುವ ಘಟಸರ್ಪ ಅವುಗಳ ಚಿತ್ರ. 1878ರದು ತೆಳು ಕಾಗದ. 1882ರದರಲ್ಲಿ ಚೀಟಿಗಳ ನಡುವೆ ಅಗಲವಾದ ಬಿಡುವು. 1883ರದು ದಪ್ಪ ಕಾಗದ. ಇಷ್ಟನ್ನು ಗುರುತಿಸಲು ಕಣ್ಣಿಗೆ ವರುಷಗಳ ಸಾಧನೆ ಬೇಕು.

ಹೊಸಬನ ಮೊದಲ ಅಪರಾಧ ನೀರಿನ ಬಟ್ಟಲು. ಲಕೋಟೆಯನ್ನು ನೆನೆಸಿ, ಗೋಂದು ಬಿಡಿಸಿ, ಚೀಟಿಯನ್ನು ಆಲ್ಬಮ್ಮಿಗೆ ಸೇರಿಸಿ ಹಿಗ್ಗುತ್ತಾನೆ. ಆದರೆ ಚೀನಾ ವಿಶ್ವ ಅಂಚೆ ಒಕ್ಕೂಟವನ್ನು ಸೇರಿದುದು 1914ರಲ್ಲಿ. ಅದಕ್ಕೆ ಮುಂಚೆ, ಘಟಸರ್ಪದ ಕಾಲದಲ್ಲಿ, ಹೊರನಾಡಿಗೆ ಹೊರಟ ಕಾಗದಕ್ಕೆ ಷಾಂಘೈಯಲ್ಲಿದ್ದ ಪರದೇಶಿ ಅಂಚೆಯ ಚೀಟಿಯನ್ನೂ ಹಚ್ಚಬೇಕಾಗಿತ್ತು. ಎರಡು ದೇಶಗಳ ಚೀಟಿ, ಎರಡರ ಮುದ್ರೆ ಒಂದೇ ಲಕೋಟೆಯ ಮೇಲೆ! ಅದನ್ನು ಬಿಡಿಸಿದವನು ಪಯಣದ ಕಥೆಯನ್ನೇ ತೊಳೆದು ಚೆಲ್ಲಿದಂತೆ.

ನೀರಿಗಿಂತ ಕ್ರೂರವಾದುದು ಕತ್ತರಿ. 1897ರಲ್ಲಿ ಅಂಚೆಯ ಲೆಕ್ಕ ಡಾಲರು ಸೆಂಟುಗಳಿಗೆ ಬದಲಾದಾಗ ಹೊಸ ಚೀಟಿಗಳಿನ್ನೂ ಕೈಸೇರಿರಲಿಲ್ಲ. ಲಂಡನ್ನಿನಲ್ಲಿ ಅಚ್ಚಾಗಿ ಬಳಕೆಗೆ ಬಾರದೆ ಬಿದ್ದಿದ್ದ ಮೂರು ಸೆಂಟಿನ ಕೆಂಪು ಕಂದಾಯದ ಚೀಟಿಗಳ ಮೇಲೆಯೇ ಹೊಸ ಬೆಲೆಯನ್ನು ಒತ್ತಿದರು. ಒಂದು ಡಾಲರಿನ ಚೀನೀ ಅಕ್ಷರಗಳು ತೀರ ಸಣ್ಣವೆಂದು ತೋರಿ, ಕೆಲವನ್ನು ಅಚ್ಚುಮಾಡಿದ ಮೇಲೆ ಅಕ್ಷರ ದೊಡ್ಡದಾಯಿತು. ಯಾರಿಗೋ ಹಿಡಿಸದ ಆ ಸಣ್ಣ ಅಕ್ಷರದವು ಇಂದು ಉಳಿದಿರುವುದು ಮೂವತ್ತರ ಆಸುಪಾಸು. ಅವುಗಳಲ್ಲಿ ನಾಲ್ಕು ಮಾತ್ರ ಒಂದಕ್ಕೊಂದು ಅಂಟಿಕೊಂಡು ಬಂದಿವೆ. ಸುಂಕದ ಇಲಾಖೆಯ ಡಿ ವಿಲಾರ್ ಅದನ್ನು ಪಡೆದಿದ್ದನು. ಮುಂದೆ ಅದು ಷಾಂಘೈಯ ಸಂಗ್ರಾಹಕ ಜೋ ಜಿಂಜ್ಯುಎಯ ಕೈಸೇರಿತು. 1947ರಲ್ಲಿ ಆಲನ್ ಗೋಕ್ಸನ್ನನಿಗೆ ಮಾರಿಹೋಯಿತು. ಬಿಡಿಯಾಗಿ ಮಾರಿದ್ದರೆ ನಾಲ್ವರು ಸಂಗ್ರಾಹಕರು ತಣಿಯುತ್ತಿದ್ದರು. ಯುದ್ಧ ಕಳೆಯಿತು, ರಾಜ್ಯ ಕಳೆಯಿತು, ಒಡೆಯರು ಬದಲಾದರು. ಯಾರೂ ಕತ್ತರಿಯನ್ನು ಕೈಗೆತ್ತಿಕೊಳ್ಳಲಿಲ್ಲ.