ಮೂಕವಾದ ಬೀಗದ ಕೈ

ನಮ್ಮ ಬೀದಿಯಲ್ಲಿ ಯಾರ ಕಾರಿನ ರಿಮೋಟ್ ಕೀ ಕೆಟ್ಟರೂ ಅದು ಒಂದೆರಡು ದಿನಗಳೊಳಗೆ ನನ್ನ ಮೇಜಿಗೆ ಬಂದು ಸೇರುವುದು ವಾಡಿಕೆಯಾಗಿದೆ. ತಂದುಕೊಟ್ಟವರು ತೊಂದರೆ ಕೊಟ್ಟೆವೆಂದು ಸಂಕೋಚಪಡುತ್ತಾರೆ. ನನಗಾದರೋ, ಕಿಟಕಿಯ ಬೆಳಕು ನೇರವಾಗಿ ಬೀಳುವ ಭಾನುವಾರದ ಅಪರಾಹ್ನದಲ್ಲಿ ಬಿಳಿಯ ವಸ್ತ್ರವೊಂದನ್ನು ಹಾಸಿ, ಸಣ್ಣ ತಿರುಪುಳಿ, ಭೂತಗನ್ನಡಿ, ಮಲ್ಟಿಮೀಟರುಗಳನ್ನು ಕೈಗೆಟಕುವಂತೆ ಇರಿಸಿಕೊಂಡು, ಮಾತು ನಿಂತುಹೋದ ಆ ಪುಟ್ಟ ವಸ್ತುವಿನ ಎದುರು ಕುಳಿತುಕೊಳ್ಳುವುದಕ್ಕಿಂತ ಮಿಗಿಲಾದ ಸುಖ ಮತ್ತೊಂದಿಲ್ಲ. ವೃತ್ತಿಯಿಂದ ನಾನು ಯಂತ್ರಜ್ಞನಲ್ಲ. ಕಾಣುವ ಲಕ್ಷಣದಿಂದ ಕಾಣದ ಕಾರಣದವರೆಗೆ ಹೆಜ್ಜೆಹೆಜ್ಜೆಯಾಗಿ ನಡೆದು ಹೋಗುವುದಿದೆಯಲ್ಲ, ಆ ನಡಿಗೆಯೇ ನನಗೆ ಪ್ರಿಯವಾದದ್ದು.

ಹೊರನೋಟಕ್ಕೆ ಅದು ಎರಡು ಮೂರು ಗುಂಡಿಗಳುಳ್ಳ ಪ್ಲಾಸ್ಟಿಕ್ ಸಂಪುಟವಷ್ಟೇ. ಒಳಗಿರುವುದು ಸರ್ವಾಂಗಸಂಪೂರ್ಣವಾದ ಒಂದು ರೇಡಿಯೋ ಪ್ರೇಷಕ. ನಮ್ಮ ದೇಶದ ಕಾರುಗಳಲ್ಲಿ ಬಹುಮಟ್ಟಿಗೆ 433.92 ಮೆಗಾಹರ್ಟ್ಸ್ ಆವರ್ತಾಂಕದಲ್ಲಿ ನುಡಿಯುವ ಇದರ ಅಲೆಯ ಉದ್ದ ಸುಮಾರು 69 ಸೆಂಟಿಮೀಟರು. ಅದನ್ನು ಹೊರಕ್ಕೆ ಬಿತ್ತರಿಸುವ ಆಂಟೆನಾ ಎಂದರೆ ಒಳಗಿನ ಹಸುರು ಸರ್ಕ್ಯೂಟ್ ಫಲಕದ ಅಂಚನ್ನು ಬಳಸಿ ಸಾಗಿರುವ ತಾಮ್ರದ ಒಂದು ಗೆರೆ. ದೂರದಿಂದಲೇ ಬೀಗ ತೆಗೆಯುವ ಸೌಕರ್ಯ 1982ರಲ್ಲಿ ಫ್ರಾನ್ಸಿನ ರೆನೋ ಫ್ಯೂಗೋ ಕಾರಿನೊಂದಿಗೆ ಲೋಕಕ್ಕೆ ಬಂದಿತು. ಪ್ರತಿಸಲವೂ ಒಂದೇ ಸಂಕೇತವನ್ನು ಉಚ್ಚರಿಸುವ ರಿಮೋಟಾದರೆ ಕಳ್ಳನು ಅದನ್ನು ಕೇಳಿಸಿಕೊಂಡು ಹಾಗೆಯೇ ಒಪ್ಪಿಸಬಹುದಾದ ಕಾರಣ, ಒತ್ತಿದಾಗಲೆಲ್ಲ ಬದಲಾಗುವ ಸಂಕೇತದ ಪದ್ಧತಿಗಳು ಹುಟ್ಟಿಕೊಂಡವು. ಅವುಗಳಲ್ಲಿ ಪ್ರಸಿದ್ಧವಾದ ಕೀಲಾಕ್ ಎಂಬುದು 1980ರ ದಶಕದಲ್ಲಿ ದಕ್ಷಿಣ ಆಫ್ರಿಕದಲ್ಲಿ ರೂಪುಗೊಂಡದ್ದು. ಕೀಲಿಯಲ್ಲಿಯೂ ಕಾರಿನಲ್ಲಿಯೂ ಒಂದೊಂದು ಎಣಿಕೆ ನಡೆದಿರುತ್ತದೆ. ಎರಡೂ ಜೊತೆಜೊತೆಯಾಗಿ ಮುಂದುವರಿಯುತ್ತಿರುವ ತನಕ ಬಾಗಿಲು ತೆರೆಯುತ್ತದೆ. ಇಷ್ಟೆಲ್ಲ ಗಣಿತ ಹೆಬ್ಬೆರಳಿನ ಒಂದು ಒತ್ತಿಗೆ ಕ್ಷಣಾರ್ಧದಲ್ಲಿ ನಡೆದುಹೋಗುವುದೆಂಬುದನ್ನು ನೆನೆದಾಗ ನನಗೆ ಇಂದಿಗೂ ವಿಸ್ಮಯವಾಗುತ್ತದೆ.

ಕೆಟ್ಟ ಕೀಲಿ ಕೈಗೆ ಬಂದೊಡನೆ ಅದನ್ನು ಬಿಚ್ಚಲು ಹೊರಡುವುದು ಅವಿವೇಕ. ಬಿಚ್ಚದೆಯೇ ತಿಳಿಯಬಹುದಾದ ಸಂಗತಿಗಳು ಬಹಳವಿವೆ, ಮತ್ತು ವಿಚಾರದ ರಸವೆಲ್ಲ ಇರುವುದೂ ಅಲ್ಲಿಯೇ. ಕಾರಣವಿದ್ದರೆ ಕಾರ್ಯವುಂಟು, ಇಲ್ಲದಿದ್ದರೆ ಇಲ್ಲ ಎಂದು ನೋಡುವ, ನಮ್ಮ ನೈಯಾಯಿಕರು ಅನ್ವಯ-ವ್ಯತಿರೇಕವೆಂದು ಕರೆದ ಕ್ರಮವನ್ನೇ ನಾನು ಇಲ್ಲಿ ಅನುಸರಿಸುತ್ತೇನೆ. ಮನೆಯಲ್ಲಿರುವ ಎರಡನೆಯ ಕೀಲಿಯನ್ನು ತರಿಸಿ ಒತ್ತಿ ನೋಡುವುದು ಮೊದಲ ಪರೀಕ್ಷೆ: ಅದು ಬಾಗಿಲು ತೆರೆದರೆ ದೋಷ ಮೊದಲನೆಯ ಕೀಲಿಯದು, ಎರಡೂ ಸೋತರೆ ದೋಷ ಕಾರಿನದು, ಇಲ್ಲವೇ ಆ ಸ್ಥಳದ್ದು. ಸ್ಥಳದೋಷವೆಂಬುದೂ ಉಂಟು; ಅದೇ ಆವರ್ತಾಂಕದಲ್ಲಿ ಎಡೆಬಿಡದೆ ಸದ್ದುಮಾಡುವ ಬೇರೊಂದು ಉಪಕರಣ ಸಮೀಪದಲ್ಲಿದ್ದರೆ ಕೀಲಿಯ ಕ್ಷೀಣಸ್ವರ ಕಾರಿಗೆ ಕೇಳಿಸದು; ಕಾರನ್ನು ಮುಂದಿನ ರಸ್ತೆಗೆ ಒಯ್ದು ನೋಡಿದರೆ ನಿಜ ತಿಳಿಯುತ್ತದೆ. ಬಾಗಿಲಿನ ಬಳಿಗೆ ಹೋದಾಗ ಮಾತ್ರ ಕೆಲಸಮಾಡುವ ಕೀಲಿ, ಮಾಗಿಯ ಚಳಿಯ ಬೆಳಗಿನಲ್ಲಿ ಸುಮ್ಮನಿದ್ದು ಬಿಸಿಲೇರಿದ ಮೇಲೆ ಚೇತರಿಸಿಕೊಳ್ಳುವ ಕೀಲಿ, ಇವೆರಡೂ ಸೆಲ್ಲಿನ ದೌರ್ಬಲ್ಯವನ್ನು ಸೂಚಿಸುತ್ತವೆ. ತೆರೆಯುವ ಗುಂಡಿ ಸರಿಯಾಗಿದ್ದು ಮುಚ್ಚುವ ಗುಂಡಿ ಮಾತ್ರ ಸತ್ತಿದ್ದರೆ ಸೆಲ್ಲನ್ನು ಶಂಕಿಸುವುದು ಅನ್ಯಾಯ. ಎರಡಕ್ಕೂ ಅನ್ನವಿಕ್ಕುವ ಸೆಲ್ ಒಂದೇ ಆಗಿರುವಾಗ ದೋಷ ಆ ಗುಂಡಿಯ ಅಡಿಯಲ್ಲಿಯೇ ಇರತಕ್ಕದ್ದು. ಮಕ್ಕಳ ಕೈಗೆ ಸಿಕ್ಕ ಕೀಲಿಯದು ಇನ್ನೊಂದು ಕಥೆ. ಕಾರಿನಿಂದ ದೂರದಲ್ಲಿ ಗುಂಡಿಯನ್ನು ಒತ್ತುತ್ತಲೇ ಹೋದರೆ ಕೀಲಿಯ ಎಣಿಕೆ ಕಾರಿನ ಎಣಿಕೆಯನ್ನು ಬಿಟ್ಟು ಬಹುದೂರ ಮುಂದೆ ಹೋಗಿಬಿಡುತ್ತದೆ. ಕಾರಿನಲ್ಲಿರುವ ಕೀಲಾಕ್ ಪದ್ಧತಿಯ ಗ್ರಾಹಕ (ರಿಸೀವರ್) ಸಾಮಾನ್ಯವಾಗಿ 16 ಎಣಿಕೆಗಳ ಅಂತರವನ್ನು ಮನ್ನಿಸೀತು, ಅದಕ್ಕೂ ಮಿಕ್ಕಿದಾಗ ಕಾರಿನ ಬಳಿ ನಿಂತು ಒಂದರ ಹಿಂದೊಂದಾಗಿ ಎರಡು ಬಾರಿ ಒತ್ತಿದರೆ ಎಣಿಕೆಗಳು ಮತ್ತೆ ಹೊಂದಿಕೊಳ್ಳುತ್ತವೆ.

ಇವೆಲ್ಲ ಮುಗಿದ ಮೇಲೆ ಸಂಪುಟವನ್ನು ಬಿಚ್ಚುವ ಸರದಿ. ಸ್ಮಾರ್ಟ್ ಕೀ ಆದರೆ ಅದರ ಗರ್ಭದಲ್ಲಿ ಅಡಗಿರುವ ಲೋಹದ ಕೀಲಿಯನ್ನು ಮೊದಲು ಹೊರಗೆಳೆದುಕೊಳ್ಳಬೇಕು. ಅದು ಬಿಟ್ಟ ಬಿಡುವಿನಲ್ಲಿಯೇ ಬಹುಶಃ ಸಂಪುಟವನ್ನು ಬಿಡಿಸುವ ಸೀಳು ಕಾಣುತ್ತದೆ. ಉಕ್ಕಿನ ತಿರುಪುಳಿಯಿಂದ ಮೀಟಿದರೆ ಅಂಚು ಗಾಯಗೊಳ್ಳುವುದರಿಂದ ತೆಳುವಾದ ಪ್ಲಾಸ್ಟಿಕ್ ಬಿಲ್ಲೆಯೇ ಮೇಲು. ಹಳೆಯ ಮಾದರಿಯ ಕೀಲಿಗಳಲ್ಲಿ ಒಂದು ಎಚ್ಚರ ಅತ್ಯವಶ್ಯ: ಫಲಕದಿಂದ ಬೇರೆಯಾಗಿ, ಚಿಪ್ಪಿನ ಮೂಲೆಯ ಗೂಡಿನಲ್ಲಿ, ಕಪ್ಪುಬಣ್ಣದ ಸಣ್ಣ ತುಣುಕೊಂದು ಕುಳಿತಿರುವುದುಂಟು. ಅದೇ, ಕೀಲಿಯ ಗುರುತು ಸಿಗದೆ ಎಂಜಿನ್ನನ್ನು ಹೊರಡಗೊಡದ ಇಮ್ಮೊಬಿಲೈಸರಿನ ಚಿಪ್. ಅದಕ್ಕೆ ಸೆಲ್ ಬೇಡ. ಇಗ್ನಿಷನ್ನಿನ ಸುತ್ತಲಿನ ತಂತಿಸುರುಳಿ ಸಾಮಾನ್ಯವಾಗಿ 125 ಕಿಲೋಹರ್ಟ್ಸಿನಲ್ಲಿ ಬೀರುವ ಕಾಂತಶಕ್ತಿಯನ್ನೇ ಹೀರಿಕೊಂಡು ತನ್ನ ಗುರುತು ಹೇಳುತ್ತದೆ. ಸೆಲ್ ಪೂರ್ತಿ ಸತ್ತಾಗಲೂ ಲೋಹದ ಕೀಲಿಯಿಂದ ಬಾಗಿಲು ತೆಗೆದು, ಸ್ಮಾರ್ಟ್ ಕೀಯನ್ನು ಸ್ಟಾರ್ಟ್ ಗುಂಡಿಗೋ ಅದಕ್ಕೆಂದೇ ಗುರುತಿಸಿದ ಜಾಗಕ್ಕೋ ತಾಗಿಸಿ ಎಂಜಿನ್ನನ್ನು ಎಬ್ಬಿಸಬಹುದಾದದ್ದು ಅದರಲ್ಲಿಯೂ ಇಂಥದೇ ಚಿಪ್ ಇರುವುದರಿಂದಲೇ. ಚಿಪ್ಪು ಒಡೆಯಿತೆಂದು ಹೊಸ ಚಿಪ್ಪು ತಂದು, ಹಳೆಯದನ್ನು ಈ ತುಣುಕಿನ ಸಮೇತ ಕಸಕ್ಕೆ ಎಸೆದವರ ಕಾರು ಬಾಗಿಲು ತೆರೆಯುತ್ತದೆ, ಆದರೆ ಹೊರಡುವುದಿಲ್ಲ.

ಸೆಲ್ಲಿನ ಪರೀಕ್ಷೆ ನನಗೆ ಅತ್ಯಂತ ಪ್ರಿಯವಾದ ಘಟ್ಟ. ಸಾಮಾನ್ಯವಾಗಿ ಸಿಗುವ ಸಿಆರ್ 2032 ಎಂಬುದು 20 ಮಿಲಿಮೀಟರು ವ್ಯಾಸದ, 3.2 ಮಿಲಿಮೀಟರು ದಪ್ಪದ, 3 ವೋಲ್ಟಿನ ಲಿಥಿಯಂ ಬಿಲ್ಲೆ. ಅಷ್ಟೇ ಅಗಲದ ಸಿಆರ್ 2025 ಕೇವಲ 2.5 ಮಿಲಿಮೀಟರು ದಪ್ಪವಿರುವುದರಿಂದ, ಅಂಗಡಿಯವರು ಇದೂ ಆದೀತೆಂದು ಕೊಟ್ಟದ್ದನ್ನು ಹಾಕಿದಾಗ ಸ್ಪ್ರಿಂಗು ಒಮ್ಮೆ ಮುಟ್ಟಿ ಒಮ್ಮೆ ಮುಟ್ಟದೆ, ಮಾಲೀಕನಿಗೆ ಬಗೆಹರಿಯದ ಸಮಸ್ಯೆಯಾಗಿ ಪರಿಣಮಿಸುತ್ತದೆ. ಮೀಟರಿನ ಕಡ್ಡಿಗಳನ್ನು ಬರಿದೇ ಮುಟ್ಟಿಸಿ ಅದು ತೋರುವ 2.9ನ್ನು ಕಂಡು ಸೆಲ್ ಚೆನ್ನಾಗಿದೆಯೆಂದು ತೀರ್ಮಾನಿಸುವವರು ಬಹುಮಂದಿ. ಆದರೆ ವೃದ್ಧವಾದ ಸೆಲ್, ನಿಂತಿರುವಾಗ ಪುಷ್ಟವಾಗಿ ತೋರಿ, ನೊಗ ಕೊರಳಿಗೆ ಬಿದ್ದೊಡನೆ ಮೊಣಕಾಲೂರುವ ಮುದಿ ಎತ್ತಿನಂತಹುದು. ವಯಸ್ಸಾದಂತೆಲ್ಲ ಅದರ ಆಂತರಿಕ ರೋಧ ಬೆಳೆಯುತ್ತ ಹೋಗಿ, ಪ್ರೇಷಕವು ಶಕ್ತಿಯನ್ನು ಕೇಳಿದ ಕ್ಷಣದಲ್ಲಿಯೇ ವೋಲ್ಟೇಜು ಕುಸಿದುಬೀಳುತ್ತದೆ. ಆದುದರಿಂದ ನಾನು 100 ಓಮಿನ ರೋಧಕವೊಂದನ್ನು ಒಂದೆರಡು ಕ್ಷಣ ಅಡ್ಡಲಾಗಿ ಹಿಡಿದು ಅಂಕಿಯನ್ನು ನೋಡುತ್ತೇನೆ. ಹೊಸ ಸೆಲ್ ತುಸು ಬಾಗಿ ನಿಲ್ಲುತ್ತದೆ. ಹಳೆಯದು ಜಾರುತ್ತಲೇ ಹೋಗುತ್ತದೆ. ಮರೆಯಾಗಿದ್ದ ಸತ್ಯ ಅಂಕಿಗಳಾಗಿ ಕಣ್ಣೆದುರು ಇಳಿದುಬರುವ ಆ ಗಳಿಗೆಯನ್ನು ನಾನು ಬೇರೆ ಯಾವ ವಿನೋದಕ್ಕೂ ಬಿಟ್ಟುಕೊಡಲಾರೆ.

ಸೆಲ್ ನಿರ್ದೋಷಿಯೆಂದಾದರೆ ಕಣ್ಣು ಫಲಕದತ್ತ ಹೊರಳಬೇಕು. ಕುಂದಾಪುರದ ಬಂಧುಗಳ ಕೀಲಿಗಳಲ್ಲಿ ಸ್ಪ್ರಿಂಗಿನ ಮೇಲೆ ಹಸುರು ಕಿಲುಬು ಕಟ್ಟಿರುವುದನ್ನು ನಾನು ಮೇಲಿಂದ ಮೇಲೆ ಕಂಡಿದ್ದೇನೆ. ಕಡಲಿನ ಉಪ್ಪುಗಾಳಿ, ಆಷಾಢದ ತೇವ, ಜೇಬಿನ ಬೆವರು ಇವು ಮೂರೂ ಸೇರಿದರೆ ತಾಮ್ರಕ್ಕೆ ಉಳಿಗಾಲವಿಲ್ಲ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಮೆಲ್ಲಗೆ ಒರೆಸಿ, ಪೂರ್ತಿ ಆರಲು ಬಿಟ್ಟರೆ ಅನೇಕ ಕೀಲಿಗಳು ಅಷ್ಟರಲ್ಲಿಯೇ ಬದುಕುತ್ತವೆ. ಕೆಲವು ಕೀಲಿಗಳಲ್ಲಿ ರಬ್ಬರಿನ ಹೊದಿಕೆಯ ಅಡಿಯಲ್ಲಿರುವ ಕರಿಯ ಕಾರ್ಬನ್ ಬಿಲ್ಲೆಯೇ ಸ್ವಿಚ್ಚು; ಅದನ್ನು ಒರಟಾಗಿ ತಿಕ್ಕತಕ್ಕದ್ದಲ್ಲ, ತಿಕ್ಕಿದರೆ ಉಳಿದಿರುವ ಕಾರ್ಬನ್ನೂ ಹೋದೀತು. ಬೇರೆ ಕೆಲವುಗಳಲ್ಲಿ ಟಕ್ಕೆಂದು ಸದ್ದುಮಾಡುವ ಪುಟ್ಟ ಸ್ವಿಚ್ಚುಗಳಿರುತ್ತವೆ. ಒತ್ತಿದಾಗ, ಅದರ ಕಾಲುಗಳಿಗೆ ಹಿಡಿದ ಮೀಟರು ಕೂಗದಿದ್ದರೆ, ಬೆಂಗಳೂರಿನ ಎಸ್.ಪಿ. ರಸ್ತೆಯ ಅಂಗಡಿಗಳಲ್ಲಿ ಅದೇ ಅಳತೆಯದು ಅಲ್ಪಬೆಲೆಗೆ ದೊರೆಯುತ್ತದೆ. ಕೈಜಾರಿ ಬಿದ್ದ ಕೀಲಿಗಳಲ್ಲಿ ಸೆಲ್ಲನ್ನು ಹಿಡಿಯುವ ಲೋಹಪಟ್ಟಿಯ ಬುಡದ ಬೆಸುಗೆ ಬಿರುಕುಬಿಟ್ಟಿರುತ್ತದೆ. ಭೂತಗನ್ನಡಿಯಲ್ಲಿ ಅದು ಕೂದಲೆಳೆಯಷ್ಟು ಸಣ್ಣ ವೃತ್ತವಾಗಿ ಗೋಚರಿಸುತ್ತದೆ. ತವರ 63, ಸೀಸ 37 ಪಾಲಿನ ಬೆಸುಗೆಲೋಹ 183 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಮ್ಮೆಗೇ ಕರಗಿ, ಬಿರುಕನ್ನು ತುಂಬಿ, ಹೊಳಪಿನಿಂದ ಗಟ್ಟಿಯಾಗುವುದನ್ನು ನೋಡುವುದು ಕಣ್ಣಿಗೊಂದು ಹಬ್ಬ.

ಮನೆಯ ವೈದ್ಯಕ್ಕೂ ಒಂದು ಎಲ್ಲೆಯುಂಟು. ನೀರು ನುಗ್ಗಿ ಫಲಕದ ಮುಖ್ಯ ಚಿಪ್ ನಾಶವಾಗಿದ್ದರೆ, ಅಥವಾ ಕಾರು ಆ ಕೀಲಿಯ ನೆನಪನ್ನೇ ಕಳೆದುಕೊಂಡಿದ್ದರೆ, ಪರಿಚಯವನ್ನು ಮರಳಿ ಮಾಡಿಸುವ ಉಪಕರಣ ಬಲ್ಲವರ ಬಳಿ ಮಾತ್ರ ಇರುತ್ತದೆ. ಆಗ ಸಂಪುಟವನ್ನು ಮುಚ್ಚಿ ಗೌರವದಿಂದ ಅವರಿಗೆ ಒಪ್ಪಿಸುವುದೇ ಯುಕ್ತ. ಆದರೆ ಹೊಸ ಕೀಲಿಗೆ ಸಾವಿರಾರು ರೂಪಾಯಿ ತೆರುವುದಕ್ಕೆ ಮುನ್ನ ಒಂದು ಅಪರಾಹ್ನವನ್ನು ಹಳೆಯದಕ್ಕೆ ಕೊಡುವುದು ಯಾವ ರೀತಿಯಿಂದಲೂ ನಷ್ಟದ ವ್ಯವಹಾರವಲ್ಲ.

ಈ ಕೆಲಸಕ್ಕೆ ಕೈಹಾಕುವ ಓದುಗರಲ್ಲಿ ನನ್ನದೊಂದು ವಿಜ್ಞಾಪನೆಯಿದೆ. ತೆಗೆದ ಸೆಲ್ ನಿಮ್ಮ ಕಾರಿಗೆ ನಿರುಪಯುಕ್ತವಾದರೂ ಅದರಲ್ಲಿ ಉಳಿದಿರುವ ಶಕ್ತಿ ಮಗುವಿನ ಅನ್ನನಾಳವನ್ನು ಎರಡು ಗಂಟೆಗಳೊಳಗೆ ಸುಡಲು ಸಾಕು. ಹೊಸದನ್ನು ಕೂರಿಸಿ ಸಂಪುಟವನ್ನು ಮುಚ್ಚುವ ಮೊದಲೇ ಹಳೆಯದರ ಎರಡೂ ಮುಖಗಳಿಗೆ ಟೇಪು ಸುತ್ತಿ, ಎಳೆಯರ ಕೈಗೆ ನಿಲುಕದ ಡಬ್ಬಿಯಲ್ಲಿ ಹಾಕಿ, ಇ-ತ್ಯಾಜ್ಯ ಸಂಗ್ರಹಿಸುವವರಿಗೆ ಒಪ್ಪಿಸಿರಿ; ಮೇಜಿನ ಮೇಲೆ ಅದನ್ನು ಒಂದು ಕ್ಷಣವೂ ಬಿಟ್ಟು ಏಳಬೇಡಿರಿ.