ಬಿಡಲೊಲ್ಲದ ಬ್ರೇಕು

ಹಿಡಿಯದ ಬ್ರೇಕಿನ ಭಯ ಎಲ್ಲರಿಗೂ ಉಂಟು. ಬಿಡದ ಬ್ರೇಕಿನ ಪಾಡನ್ನು ಮಾತ್ರ ಅನುಭವಿಸಿದವನೇ ಬಲ್ಲನು. ನಾನು ಅದನ್ನು ಕಳೆದ ಶ್ರಾವಣದಲ್ಲಿ ಒಂದು ವಾರ ಅನುಭವಿಸಿದೆನು.

ನಮ್ಮ ಮನೆ ಹಿಡಕಲ್ ಆಣೆಕಟ್ಟಿನ ಹತ್ತಿರದ ಹೊಲದಲ್ಲಿದೆ. ಮುಂಜಾನೆಯ ಬಸ್ಸು ಹಿಡಿದು ಕಾಲೇಜು ಮುಟ್ಟುವದರೊಳಗೆ ಮೊದಲನೆಯ ತಾಸು ಮುಗಿದಿರುತ್ತದೆ. ಹಾಜರಿ ಕಡಿಮೆ ಬಿದ್ದು, ಹೀಗೇ ನಡೆದರೆ ಪರೀಕ್ಷೆಗೆ ಕೂಡಿಸುವದಿಲ್ಲವೆಂಬ ಎಚ್ಚರಿಕೆಯೂ ಬಂದಿತು. ಸುದ್ದಿ ಕೇಳಿದ ಅಣ್ಣನು ಪುಣೆಯಿಂದ ತನ್ನ ಮೌಂಟನ್ ಬೈಕನ್ನೇ ಬಸ್ಸಿಗೆ ಹಾಕಿ ಕಳಿಸಿದನು. ದಪ್ಪ ಟಾಯರು, ಗಾಲಿಯ ನಡುವೆ ಥಳಥಳಿಸುವ ಉಕ್ಕಿನ ತಟ್ಟೆ, ತಂತಿಯ ಬದಲು ಎಣ್ಣೆಯಿಂದ ನಡೆಯುವ ಹೈಡ್ರಾಲಿಕ್ ಡಿಸ್ಕ್ ಬ್ರೇಕು! ಮುಂದಿನ ಗಾಲಿಯನ್ನು ಬಿಚ್ಚಿ ಬದಿಗೆ ಕಟ್ಟಿದ್ದರು. ಅದನ್ನು ಜೋಡಿಸುವ ಮೊದಲೇ ನಾನು ಬ್ರೇಕನ್ನು ನಾಲ್ಕೈದು ಸಲ ಒತ್ತಿ ಸಂತೋಷಪಟ್ಟೆನು. ಆ ಸಂತೋಷದ ಬೆಲೆ ಮುಂದೆ ತಿಳಿಯಿತು.

ಗಾಲಿ ಸುಲಭವಾಗಿ ಕೂಡ್ರಲಿಲ್ಲ, ಒತ್ತಾಯದಿಂದ ಕೂಡ್ರಿಸಿದೆನು. ಮರುದಿನ ಹತ್ತಿದರೆ ಸೈಕಲ್ಲು ಮುಂದೆ ಹೋಗಲೊಲ್ಲದು! ಮೊದಲು ಎದುರುಗಾಳಿಯನ್ನು ಬೈದೆನು. ಆಮೇಲೆ ನನ್ನ ಕಾಲುಗಳನ್ನು ಬೈದೆನು. ರೊಟ್ಟಿ ಒಂದು ಹೆಚ್ಚು ತಿಂದರೂ ಗುಣ ಕಾಣಲಿಲ್ಲ. ಬಸ್ಸಿಗಿಂತಲೂ ತಡವಾಗಿ ಮುಟ್ಟತೊಡಗಿದೆನು. ಶುಕ್ರವಾರ ರಾತ್ರಿ ಅಪ್ಪನು, "ಸೈಕಲ್ ಮಾರಿಬಿಡು. ಕಾಲೇಜೂ ಸಾಕು, ಹೊಲಾ ನೋಡ್ಕೋ" ಎಂದು ಅಂದುಬಿಟ್ಟನು. ನನಗೆ ನಿದ್ದೆ ಹತ್ತಲಿಲ್ಲ.

ದುರಸ್ತಿಯ ಅಂಗಡಿಯೊಂದರಲ್ಲಿ ಎಣ್ಣೆಯನ್ನೇ ಸ್ವಲ್ಪ ಹೊರಗೆ ಬಿಡೋಣವೆಂದು ಪಾನಾ ಎತ್ತಿದರು. ಹೆದರಿ, ಸೈಕಲ್ಲು ನೂಕುತ್ತ ಕಾಕಾನ ಮನೆಗೆ ಬಂದೆನು. 1977ರಲ್ಲಿ ಮುಗಿದ, 51 ಟಿ.ಎಂ.ಸಿ. ನೀರು ಹಿಡಿಯುವ ಆಣೆಕಟ್ಟಿನ ಗೇಟುಗಳ ಮೇಲೆ ಕೆಲಸ ಮಾಡಿ ನಿವೃತ್ತರಾದವರು ಅವರು.

"ಯಾಕೋ ತಮ್ಮಾ, ಸೈಕಲ್ ನೂಕ್ಕೋಂತ ಬಂದಿ?"

"ಬ್ರೇಕ್ ಹಿಡದೈತಿ ಕಾಕಾ. ಬಿಡವಲ್ದು."

ಅವರು ಮುಂದಿನ ಗಾಲಿಯನ್ನೆತ್ತಿ ತಿರುವಿ ಕಿವಿಗೊಟ್ಟರು. ಸುತ್ತಿಗೊಮ್ಮೆ 'ಚರ್' ಎಂದರೆ ತಟ್ಟೆ ಡೊಂಕು; ಎಡೆಬಿಡದೆ ಸವರಿದರೆ ಕ್ಯಾಲಿಪರು ಸರಿದಿರಬೇಕು, ಇಲ್ಲವೆ ಪಿಸ್ಟನ್ನು ಹಿಂದೆ ಸರಿಯುತ್ತಿಲ್ಲ. ನಮ್ಮದು ಎಡೆಬಿಡದೆ ಸವರುತ್ತಿತ್ತು. "ಗಾಲಿ ಇಲ್ದಾಗ ಒತ್ತಿದ್ದೇನು?" ಎಂದು ಕೇಳಿದರು. ನಾನು ತಲೆ ತಗ್ಗಿಸಿದೆನು.

ಫೋನಿನಲ್ಲಿ ಅಣ್ಣನು ಕಾರಣ ಬಿಡಿಸಿ ಹೇಳಿದನು. ಮುಚ್ಚಿದ ದ್ರವದ ಮೇಲಿನ ಒತ್ತಡ ಎಲ್ಲ ದಿಕ್ಕಿಗೂ ಸಮನಾಗಿ ಹಬ್ಬುತ್ತದೆಂಬುದು 17ನೆಯ ಶತಮಾನದ ಫ್ರೆಂಚ್ ವಿದ್ವಾಂಸ ಪಾಸ್ಕಲನ ನಿಯಮ. ಆ ಬಲದಿಂದಲೇ ಪಿಸ್ಟನ್ನುಗಳು ಪ್ಯಾಡುಗಳನ್ನು ತಟ್ಟೆಗೆ ಒತ್ತುತ್ತವೆ. ಆದರೆ ಹಿಂದಕ್ಕೆ ಎಳೆಯುವದು ಪಿಸ್ಟನ್ನಿನ ಸುತ್ತಲಿನ ಸಣ್ಣ ರಬ್ಬರು ಉಂಗುರ. ಒತ್ತಿದಾಗ ಅದು ಬಾಗುತ್ತದೆ. ಬಿಟ್ಟಾಗ ಮೊದಲಿನಂತಾಗುತ್ತ ಪಿಸ್ಟನ್ನನ್ನೂ ಒಯ್ಯುತ್ತದೆ. ತಟ್ಟೆಯಿಲ್ಲದೆ ಒತ್ತಿದರೆ ಪಿಸ್ಟನ್ನು ಉಂಗುರದೊಳಗೆ ಜಾರಿ ಬಹಳ ಮುಂದೆ ಬಂದು, ಅಲ್ಲಿಯೇ ಮನೆ ಮಾಡುತ್ತದೆ.

ಗಾಲಿ ಬಿಚ್ಚಿ, ಪ್ಯಾಡುಗಳನ್ನು ತೆಗೆದೆವು. ಪಿಸ್ಟನ್ನಿನ ಸುತ್ತಲಿನ ಧೂಳನ್ನು, ಆ ಬ್ರೇಕಿಗೆ ಹಾಕುವ ಜಾತಿಯದೇ ಖನಿಜ ಎಣ್ಣೆಯಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಟಾಯರು ಬಿಚ್ಚುವ ಪ್ಲಾಸ್ಟಿಕ್ ಪಟ್ಟಿಯಿಂದ ಎರಡನ್ನೂ ನಿಧಾನವಾಗಿ ಒಳಗೆ ನೂಕಿದೆವು. ಎಣ್ಣೆಯ ಹನಿ ತಟ್ಟೆಗಾಗಲಿ ಪ್ಯಾಡಿಗಾಗಲಿ ತಗಲದಂತೆ ಕಾಯ್ದೆವು. ತಗಲಿದರೆ ಬ್ರೇಕು ಹಿಡಿಯುವದನ್ನೇ ಮರೆಯುತ್ತದೆ. ಎಲ್ಲವನ್ನೂ ಮರಳಿ ಜೋಡಿಸಿ ಕ್ಯಾಲಿಪರಿನ ಎರಡು ಬೋಲ್ಟುಗಳನ್ನು ಸಡಿಲಿಸಿದೆವು. ಬ್ರೇಕನ್ನು ನಾಲ್ಕಾರು ಸಲ ಒತ್ತಿ, ಒತ್ತಿಯೇ ಹಿಡಿದುಕೊಂಡು ಅವನ್ನು ಒಂದಾದಮೇಲೊಂದು ಸ್ವಲ್ಪಸ್ವಲ್ಪವೇ ಬಿಗಿದೆವು. ಬಿಳಿಯ ಕಾಗದ ಹಿಂದಿಟ್ಟು ನೋಡಿದರೆ ತಟ್ಟೆಯ ಎರಡೂ ಬದಿಗೆ ಕೂದಲೆಳೆಯಷ್ಟು ಬೆಳಕು! ಗಾಲಿ ಸದ್ದಿಲ್ಲದೆ ತಿರುಗಿತು.

"ನಮ್ಮ ಗೇಟೂ ಹಂಗ," ಎಂದರು ಕಾಕಾ. "ನೀರು ಹಿಡದರಷ್ಟ ಸಾಲದು, ಬೇಕಾದಾಗ ಬಿಡಬೇಕು."

ಸೋಮವಾರ ಮೊದಲನೆಯ ತಾಸಿಗೆ, ಗಂಟೆ ಬಾರಿಸುವ ಮುನ್ನವೇ ನಾನು ಬೆಂಚಿನ ಮೇಲಿದ್ದೆನು. ನನ್ನ ಹೆಸರು ಕೂಗಿದಾಗ 'ಹಾಜರ್' ಎಂಬ ನನ್ನ ಧ್ವನಿ ಅಗತ್ಯಕ್ಕಿಂತ ದೊಡ್ಡದಾಯಿತೇನೋ, ವರ್ಗವೆಲ್ಲ ನಕ್ಕಿತು. ಗಾಲಿ ಬಿಚ್ಚುವ ಪ್ರಸಂಗ ಬಂದರೆ ಪ್ಯಾಡುಗಳ ನಡುವೆ ಇಡಲೆಂದು ಈಗ ಮಡಚಿದ ರಟ್ಟಿನ ತುಂಡೊಂದು ನನ್ನ ಚೀಲದಲ್ಲಿರುತ್ತದೆ. ಅಪ್ಪನು ಮಾರುವ ಮಾತನ್ನು ಮತ್ತೆ ಎತ್ತಲಿಲ್ಲ. ಮೊನ್ನೆ ಸೈಕಲ್ಲಿನ ಹತ್ತಿರ ಕುಳಿತು, "ಇದರ ಎಣ್ಣಿ ಎಷ್ಟ ದಿನಕ್ಕ ಬದಲ ಮಾಡಬೇಕೋ?" ಎಂದು ಕೇಳಿದನು.